ದೀಪದ ಸಾಲಿಗಿಂತ ಮೊದಲು ಕೊಕ್ಕೆ ನೋಡಿ

ಮಾನ್ಯ ಸಂಪಾದಕರೆ,

ನಿಮ್ಮ ಪತ್ರಿಕೆಯಲ್ಲಿ ವಾಹನಗಳ ಪುಟ ಬಂದ ದಿನ ನಾನು ಮೊದಲು ತೆರೆಯುವುದು ಅದನ್ನೇ. ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಗಾಡಿಗಳ ಬಗ್ಗೆ ಬರಹ ಇದ್ದರೆ ಎರಡೆರಡು ಸಲ ಓದುತ್ತೇನೆ. ಬರಹಗಳು ಚೆನ್ನಾಗಿಯೇ ಇರುತ್ತವೆ. ಆದರೆ ಜೊತೆಗೆ ಹಾಕುವ ಚಿತ್ರ ನೋಡಿದಾಗಲೆಲ್ಲ ನನಗೆ ಒಂದೇ ಪ್ರಶ್ನೆ. ಕೆಸರು ಎರಚುವ ಚಕ್ರ ಕಾಣುತ್ತದೆ, ಟಾಪಿನ ಮೇಲೆ ದೀಪಗಳ ಸಾಲು ಕಾಣುತ್ತದೆ, ಕಬ್ಬಿಣದ ದಪ್ಪ ಬಂಪರು ಕಾಣುತ್ತದೆ. ಈ ಗಾಡಿ ಹೂತುಕೊಂಡರೆ ಹಗ್ಗವನ್ನು ಎಲ್ಲಿಗೆ ಕಟ್ಟುತ್ತಾರೆ? ಅದು ಮಾತ್ರ ಯಾವ ಚಿತ್ರದಲ್ಲೂ ಕಾಣುವುದಿಲ್ಲ.

ಹೊಸದಾಗಿ ಗಾಡಿ ತಗೊಂಡವರು ಆ ಚಿತ್ರ ನೋಡಿಯೇ ತಮ್ಮ ಗಾಡಿಯನ್ನು ತಯಾರು ಮಾಡಲು ಹೊರಡುತ್ತಾರೆ. ನಾನೂ ಹಾಗೇ ಶುರು ಮಾಡಿದವನು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ಕೆಲವು ವರ್ಷಗಳ ಹಿಂದೆ ನನ್ನ ಗಾಡಿ ಕೆಸರಿನಲ್ಲಿ ಆಕ್ಸಲ್ ಮಟ್ಟಕ್ಕೆ ಕೂತುಬಿಟ್ಟಿತು. ಜೊತೆಗೆ ಬಂದಿದ್ದ ಗೆಳೆಯನ ಗಾಡಿ ಮುಂದೆ ಗಟ್ಟಿ ನೆಲದ ಮೇಲಿತ್ತು. ನನ್ನ ಗಾಡಿಯ ಮುಂಭಾಗದ ಕೆಳಗೆ ಒಂದು ಕಬ್ಬಿಣದ ಬಳೆ ಕಂಡಿತು. ಎಳೆಯುವುದಕ್ಕೇ ಕೊಟ್ಟಿದ್ದಾರೆ ಅಂದುಕೊಂಡು ಹಗ್ಗದ ಬದಲು ಬಳಸುವ ಎಳೆಯುವ ಪಟ್ಟಿಯನ್ನು ಅದಕ್ಕೇ ಸಿಕ್ಕಿಸಿದೆ. ಗೆಳೆಯ ಎರಡು ಸಲ ಮೆಲ್ಲಗೆ ಎಳೆದ, ಗಾಡಿ ಅಲುಗಲಿಲ್ಲ. ಮೂರನೇ ಸಲ ಹಿಂದಕ್ಕೆ ಬಂದು, ಪಟ್ಟಿ ಸಡಿಲ ಬಿಟ್ಟು, ಜೋರಾಗಿ ಹೋದ. ಒಂದು ದೊಡ್ಡ ಸದ್ದು ಬಂತು. ಬಳೆ ಕಿತ್ತುಕೊಂಡು ಪಟ್ಟಿಯ ಜೊತೆ ಹಾರಿ ಅವನ ಗಾಡಿಯ ಹಿಂದಿನ ಗಾಜನ್ನು ಒಡೆದು ಹಿಂದಿನ ಸೀಟಿನ ಬೆನ್ನಿಗೆ ಹೊಡೆದಿತ್ತು. ಆ ಸೀಟಿನಲ್ಲಿ ಕೂತಿದ್ದ ಹುಡುಗ ಫೋಟೋ ತೆಗೆಯಲು ಐದು ನಿಮಿಷ ಮುಂಚೆ ಕೆಳಗಿಳಿದಿದ್ದ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆ ಬಳೆ ಏನು ಅಂತ ಆಮೇಲೆ ಗೊತ್ತಾಯಿತು. ಹೊಸ ಗಾಡಿಗಳನ್ನು ಹಡಗಿನಲ್ಲೋ ಲಾರಿಯಲ್ಲೋ ಸಾಗಿಸುವಾಗ ಅಲುಗದ ಹಾಗೆ ಕಟ್ಟಿಹಾಕುವುದಕ್ಕೆ ಕೊಟ್ಟಿರುವ ಬಳೆ ಅದು. ನಿಂತ ಗಾಡಿಯನ್ನು ಹಿಡಿದಿಡುವಷ್ಟೇ ಅದರ ಕೆಲಸ. ಹೂತ ಗಾಡಿಯನ್ನು ಜಗ್ಗಿ ಎಳೆಯುವ ಬಲ ತಡೆಯುವುದಕ್ಕೆ ಅದನ್ನು ಮಾಡಿರುವುದಿಲ್ಲ. ಈಗಿನ ಎಷ್ಟೋ ಗಾಡಿಗಳಲ್ಲಿ ಟೂಲ್ ಕಿಟ್ಟಿನೊಳಗೆ ತಿರುಪಿನ ಕೊಕ್ಕೆಯೊಂದು ಸಿಗುತ್ತದೆ. ಬಂಪರಿನ ಸಣ್ಣ ಮುಚ್ಚಳ ತೆಗೆದು ತಿರುಗಿಸಿ ಹಾಕುವುದು. ಅದೂ ಅಷ್ಟೇ. ಸಮತಟ್ಟಾದ ರಸ್ತೆಯಲ್ಲಿ ಕೆಟ್ಟ ಗಾಡಿಯನ್ನು ನಿಧಾನವಾಗಿ ಎಳೆದುಕೊಂಡು ಹೋಗಲು ಸಾಕು, ಕೆಸರಿನಿಂದ ಕಿತ್ತು ತೆಗೆಯಲು ಸಾಲದು.

ಇನ್ನು ಟ್ರೇಲರ್ ಸಿಕ್ಕಿಸುವ ಗುಂಡು. ನೋಡಲು ಬಹಳ ಗಟ್ಟಿ ಅನ್ನಿಸುತ್ತದೆ, ಪಟ್ಟಿ ಸಿಕ್ಕಿಸಲು ಸುಲಭ, ಅದಕ್ಕೇ ಜನ ಅದನ್ನೇ ಹಿಡಿಯುತ್ತಾರೆ. ದಯವಿಟ್ಟು ಯಾರೂ ಈ ಕೆಲಸ ಮಾಡಬೇಡಿ. ಆ ಗುಂಡು ನಿಂತಿರುವುದು ಸಣ್ಣ ಕುತ್ತಿಗೆಯ ಮೇಲೆ. ಜಗ್ಗಿದ ಏಟಿಗೆ ಕುತ್ತಿಗೆ ಮುರಿದರೆ ಕಬ್ಬಿಣದ ಉಂಡೆ ನೇರ ಇನ್ನೊಂದು ಗಾಡಿಯ ಗಾಜಿಗೆ ಹಾರುತ್ತದೆ, ಗಾಜಿನ ಹಿಂದೆ ಮನುಷ್ಯರು ಇರುತ್ತಾರೆ. ಇದರಿಂದ ಜನ ಸತ್ತಿದ್ದಾರೆ. ಒಂದು ಸಲ ಅಲ್ಲ, ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ.

ಹಾಗಾಗಿ ನನ್ನ ಲೆಕ್ಕದಲ್ಲಿ ಗಾಡಿ ತಯಾರಿ ಶುರುವಾಗುವುದು ಇಲ್ಲಿಂದ. ಮುಂದೆ ಒಂದು, ಹಿಂದೆ ಒಂದು, ಸಾಧ್ಯವಾದರೆ ಮುಂದೆ ಎರಡು, ಇಷ್ಟು ಭಾರ ತಡೆಯುತ್ತೇನೆ ಅಂತ ಗುರುತು ಹಾಕಿದ ಎಳೆಯುವ ಕೊಕ್ಕೆಗಳು ಬೇಕು. ಅವು ನೇರ ಚಾಸಿಗೆ, ಅಂದರೆ ಗಾಡಿಯ ಕೆಳಗಿನ ಗಟ್ಟಿ ಚೌಕಟ್ಟಿಗೆ ಕೂತಿರಬೇಕು. ಬಂಪರಿಗೆ ಬೆಸುಗೆ ಹಾಕಿದ ಕೊಕ್ಕೆಗೆ ಬೆಲೆ ಇಲ್ಲ, ಯಾಕೆಂದರೆ ಬಂಪರನ್ನು ಹಿಡಿದಿರುವ ಬೋಲ್ಟುಗಳು ಆ ಭಾರಕ್ಕೆ ಇರುವುದಿಲ್ಲ. ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಅಂತ ಅಚ್ಚಾಗಿರುತ್ತದೆ, ಅದು ಉಕ್ಕಿನ ಗಟ್ಟಿತನದ ಗುರುತು. ಕೊಕ್ಕೆ ಮಾಡಿದವರು ಯಾವುದನ್ನು ಹೇಳಿದ್ದಾರೋ ಅದನ್ನೇ ಹಾಕಿಸಿ. ಏನೂ ಬರೆದಿರದ ಬೋಲ್ಟು ಸಿಕ್ಕರೆ ಮೆಕ್ಯಾನಿಕ್ ಎಷ್ಟೇ ನಂಬಿಕಸ್ಥನಾಗಿದ್ದರೂ ಬೇಡ ಅನ್ನಿ.

ಕೊಕ್ಕೆಗೂ ಪಟ್ಟಿಗೂ ನಡುವೆ ಬರುವ ಶ್ಯಾಕಲ್ (ಪಿನ್ನು ತಿರುಗಿಸಿ ಮುಚ್ಚುವ ಕೊಂಡಿ) ಬಗ್ಗೆಯೂ ಇದೇ ಮಾತು. ಅದರ ಮೈಮೇಲೆ ಭಾರದ ಅಂಕಿ ಇರಲೇಬೇಕು. ಈ ಕೆಲಸಕ್ಕೆ ಸಾಮಾನ್ಯವಾಗಿ 3.25 ಅಥವಾ 4.75 ಟನ್ನಿನ ಶ್ಯಾಕಲ್ ಬಳಸುತ್ತಾರೆ. ಪಿನ್ನನ್ನು ಪೂರ್ತಿ ತಿರುಗಿಸಿ ಆಮೇಲೆ ಕಾಲು ಸುತ್ತು ಸಡಿಲ ಬಿಡಿ, ಇಲ್ಲದಿದ್ದರೆ ಎಳೆದ ಮೇಲೆ ಕಚ್ಚಿಕೊಂಡು ಬಿಚ್ಚಲು ಬರುವುದಿಲ್ಲ. ಇತ್ತೀಚೆಗೆ ಹಗ್ಗದ್ದೇ ಮೆತ್ತನೆಯ ಶ್ಯಾಕಲ್‌ಗಳು ಬಂದಿವೆ. ನನಗೆ ಅವೇ ಇಷ್ಟ. ಹಗುರ, ಮತ್ತು ಏನಾದರೂ ಕಿತ್ತು ಬಂದರೂ ಅಲ್ಲಿ ಹಾರುವ ಕಬ್ಬಿಣ ಕಡಿಮೆ. ಚೂಪಾದ ಅಂಚಿಗೆ ಮಾತ್ರ ತಾಗಬಾರದು. ಎರಡು ಪಟ್ಟಿ ಸೇರಿಸಿ ಉದ್ದ ಮಾಡಬೇಕಾದಾಗ ನಡುವೆ ಕಬ್ಬಿಣದ ಶ್ಯಾಕಲ್ ಹಾಕಲೇಬೇಡಿ. ಒಂದರ ಕಣ್ಣಿನೊಳಗೆ ಇನ್ನೊಂದನ್ನು ತೂರಿಸಿ ಹೆಣೆಯುವ ರೀತಿ ಇದೆ, ಮನೆಯಲ್ಲೇ ನಾಲ್ಕು ಸಲ ಮಾಡಿ ಕಲಿಯಿರಿ.

ಪಟ್ಟಿಗಳಲ್ಲೂ ಎರಡು ಜಾತಿ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಒಂದು ಹಿಗ್ಗುವ ನೈಲಾನ್ ಪಟ್ಟಿ. ಸುಮಾರು ಶೇ 20ರಷ್ಟು ಹಿಗ್ಗುತ್ತದೆ, ಅಂದರೆ 9 ಮೀಟರಿನ ಪಟ್ಟಿ ಹೆಚ್ಚೂಕಡಿಮೆ 11 ಮೀಟರ್ ಆಗುತ್ತದೆ. ಎಳೆಯುವ ಗಾಡಿ ಸ್ವಲ್ಪ ವೇಗ ತಗೊಂಡಾಗ ಅದು ರಬ್ಬರಿನ ಹಾಗೆ ಹಿಗ್ಗಿ, ಬಲವನ್ನು ಒಳಗೆ ಇಟ್ಟುಕೊಂಡು, ಮೆಲ್ಲಗೆ ಬಿಡುತ್ತದೆ. ಇನ್ನೊಂದು ಹಿಗ್ಗದ ಪಟ್ಟಿ, ಮರಕ್ಕೆ ಸುತ್ತಲು ಅಥವಾ ರಸ್ತೆಯಲ್ಲಿ ಎಳೆದುಕೊಂಡು ಹೋಗಲು. ಹಿಗ್ಗದ ಪಟ್ಟಿ ಕಟ್ಟಿ ಜಗ್ಗಿ ಎಳೆದರೆ ಪೂರ್ತಿ ಏಟು ಕೊಕ್ಕೆಗೆ ಒಂದೇ ಕ್ಷಣದಲ್ಲಿ ಬೀಳುತ್ತದೆ. ನೆನಪಿಡಬೇಕಾದ ಲೆಕ್ಕ ಒಂದಿದೆ: ವೇಗ ಎರಡು ಪಟ್ಟಾದರೆ ಏಟಿನ ಶಕ್ತಿ ನಾಲ್ಕು ಪಟ್ಟಾಗುತ್ತದೆ. 'ಸ್ವಲ್ಪ ಜೋರಾಗಿ ಹೋಗು' ಅಂತ ಗೆಳೆಯನಿಗೆ ಕೂಗುವಾಗ ನಾವು ಕೇಳುತ್ತಿರುವುದು ಸ್ವಲ್ಪ ಅಲ್ಲ.

ಎಳೆಯುವ ಮೊದಲು ಪಟ್ಟಿಯ ನಡುವೆ ಒಂದು ದಪ್ಪ ಕಂಬಳಿಯನ್ನೋ ಒದ್ದೆ ಚೀಲವನ್ನೋ ಹಾಕಿ. ತುಂಡಾದರೆ ಅದು ಪಟ್ಟಿಯನ್ನು ನೆಲಕ್ಕೆ ಎಳೆಯುತ್ತದೆ. ನೋಡುವವರು ಪಟ್ಟಿಯ ಉದ್ದದ ಕನಿಷ್ಠ ಒಂದೂವರೆ ಪಟ್ಟು ದೂರದಲ್ಲಿ, ಪಕ್ಕಕ್ಕೆ ನಿಲ್ಲಬೇಕು. ಪಟ್ಟಿಯ ನೇರಕ್ಕೆ ಯಾರೂ ನಿಲ್ಲಬಾರದು, ಮೊಬೈಲ್ ಹಿಡಿದವರೂ ಕೂಡ. ಪಟ್ಟಿಯನ್ನು ದಾಟಿ ಕಾಲಿಡಬಾರದು. ಗಾಡಿಗಳ ಒಳಗೆ ಚಾಲಕರು ಬಿಟ್ಟು ಬೇರೆ ಯಾರೂ ಇರಬಾರದು. ನಮ್ಮ ಗುಂಪಿನಲ್ಲಿ ಈಗ ಇದೊಂದು ನಿಯಮ ಮುರಿದರೆ ಅವತ್ತಿನ ಓಟ ಅಲ್ಲಿಗೇ ನಿಲ್ಲುತ್ತದೆ.

ಇಷ್ಟೆಲ್ಲ ಹೇಳಿದರೂ ಒಂದು ಮಾತು. ಅರ್ಧಕ್ಕಿಂತ ಜಾಸ್ತಿ ಸಲ ಹಗ್ಗವೇ ಬೇಕಾಗುವುದಿಲ್ಲ. ಒಂದು ಒಳ್ಳೆಯ ಸಲಿಕೆ, ಚಕ್ರದ ಕೆಳಗೆ ಇಡುವ ಎರಡು ಹಲ್ಲಿನ ಹಲಗೆ, ಮತ್ತು ಟೈರಿನ ಗಾಳಿ ಇಳಿಸುವ ತಾಳ್ಮೆ ಇದ್ದರೆ ಸಾಕು. ಹೂತ ಗಾಡಿಯ ಹೊಟ್ಟೆ ನೆಲಕ್ಕೆ ಕೂತಿದ್ದರೆ ಮೊದಲು ಆ ಮಣ್ಣು ತೆಗೆಯಬೇಕು, ಚಕ್ರದ ಮುಂದೆ ಇಳಿಜಾರಿನ ಹಾಗೆ ಕೆತ್ತಬೇಕು. ಹತ್ತು ನಿಮಿಷ ಅಗೆದರೆ ಎಳೆಯಬೇಕಾದ ಬಲ ಎಷ್ಟೋ ಕಡಿಮೆ ಆಗುತ್ತದೆ. ನಾವು ಅವತ್ತು ಒಂದು ಸಲಿಕೆ ಮಣ್ಣನ್ನೂ ತೆಗೆದಿರಲಿಲ್ಲ.

ಈಗ ಟೈರಿನ ವಿಷಯ. ಗಾಳಿ ಇಳಿಸಿದರೆ ಟೈರು ಅಗಲ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅಗಲ ಆಗುವುದು ಸ್ವಲ್ಪವೇ. ನಿಜವಾಗಿ ಹೆಚ್ಚುವುದು ಉದ್ದ. ನೆಲಕ್ಕೆ ತಾಗುವ ಭಾಗ ಹಿಂದೆ ಮುಂದೆ ಚಾಚಿಕೊಳ್ಳುತ್ತದೆ, ಹಿಡಿತ ಜಾಸ್ತಿಯಾಗುತ್ತದೆ, ಗಾಡಿಯ ಭಾರ ಹೆಚ್ಚು ಜಾಗದಲ್ಲಿ ಹಂಚಿಹೋಗುವುದರಿಂದ ಮರಳಿನಲ್ಲಿ ಮುಳುಗುವುದಿಲ್ಲ. ಕಲ್ಲಿನ ಮೇಲೆ ಗಟ್ಟಿ ಟೈರು ಪುಟಿಯುತ್ತದೆ, ಮೆತ್ತನೆಯ ಟೈರು ಕಲ್ಲನ್ನು ಅಪ್ಪಿಕೊಂಡು ದಾಟುತ್ತದೆ. ಪೂರ್ತಿ ಬಿಗಿದ ಟೈರಿನಲ್ಲಿ ಚಕ್ರ ಗಿರಗಿರ ತಿರುಗಿ ಗುಂಡಿ ತೋಡುತ್ತಿದ್ದ ಗಾಡಿ, ಹತ್ತು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಳಿಸಿದ ತಕ್ಷಣ ಸುಮ್ನೆ ನಡೆದುಕೊಂಡು ಹೋದದ್ದನ್ನು ನೋಡಿದವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ.

ಎಷ್ಟು ಇಳಿಸಬೇಕು? ಗಾಡಿಯ ತೂಕ, ಟೈರಿನ ಗಟ್ಟಿತನ ನೋಡಿ ಬದಲಾಗುತ್ತದೆ. ಮಧ್ಯಮ ತೂಕದ ಗಾಡಿಗೆ ನಾನು ಇಟ್ಟುಕೊಂಡಿರುವ ಅಂಕಿ ಹೀಗಿದೆ. ಟಾರು ರಸ್ತೆಯಲ್ಲಿ 32ರಿಂದ 35 ಪಿಎಸ್‌ಐ ಇದ್ದರೆ ಜಲ್ಲಿ ಕಲ್ಲಿನ ಕಚ್ಚಾದಾರಿಗೆ 26ರ ಆಸುಪಾಸು, ಕೆಸರಿಗೆ 20ರಿಂದ 22, ಮೆತ್ತನೆಯ ಮರಳಿಗೆ 16ರಿಂದ 18. 15ಕ್ಕಿಂತ ಕೆಳಗೆ ಹೋದರೆ ಎಚ್ಚರ. ಜೋರಾಗಿ ಸ್ಟೇರಿಂಗ್ ತಿರುಗಿಸಿದರೆ ಟೈರಿನ ಅಂಚು ರಿಮ್ಮಿನಿಂದ ಕಳಚಿಕೊಳ್ಳಬಹುದು. ಗಾಳಿ ಇಳಿದ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತದೆ, ಅದರಿಂದ ಬಿಸಿಯಾಗುತ್ತದೆ, ಬಿಸಿಯಾದ ಟೈರು ಸಿಡಿಯುತ್ತದೆ. ಆದ್ದರಿಂದ 18ರಲ್ಲಿ ಇರುವಾಗ ಗಂಟೆಗೆ 30–40 ಕಿ.ಮೀ. ದಾಟಬೇಡಿ, ಟಾರು ರಸ್ತೆ ಸಿಕ್ಕ ಕೂಡಲೇ ನಿಲ್ಲಿಸಿ ಮತ್ತೆ ತುಂಬಿ. ಮನೆಗೆ ಹೋಗುವ ಅವಸರದಲ್ಲಿ ಜನ ತಪ್ಪು ಮಾಡುವುದು ಇಲ್ಲೇ.

ಅಂದರೆ ಗಾಳಿ ಇಳಿಸುವ ಮುಂಚೆ ತುಂಬುವ ದಾರಿ ಕೈಯಲ್ಲಿರಬೇಕು ಅಲ್ವಾ. 12 ವೋಲ್ಟಿನ ಕಂಪ್ರೆಸರ್ ಒಂದು, ನಂಬಬಹುದಾದ ಗೇಜ್ ಒಂದು. ಕಂಪ್ರೆಸರಿನ ವಯರನ್ನು ನೇರ ಬ್ಯಾಟರಿಗೆ ಹಿಡಿಸುವಂಥದ್ದು ತಗೊಳ್ಳಿ. ದೊಡ್ಡ ಟೈರು ತುಂಬುವ ಕಂಪ್ರೆಸರ್ 20–30 ಆಂಪಿಯರ್ ಎಳೆಯುತ್ತದೆ, ಡ್ಯಾಶ್‌ಬೋರ್ಡಿನ ಸಾಕೆಟ್ಟಿನ ಫ್ಯೂಸು ಅಷ್ಟು ತಡೆಯುವುದಿಲ್ಲ. ತುಂಬುವಾಗ ಎಂಜಿನ್ ಓಡುತ್ತಿರಲಿ. ತೂತು ಮುಚ್ಚುವ ಕಿಟ್ಟು ಮತ್ತು ನಾಲ್ಕು ವಾಲ್ವ್ ಪಿನ್ನು ಅದೇ ಚೀಲದಲ್ಲಿರಲಿ.

ಯಾವ ಟೈರು ಹಾಕಿಸಬೇಕು ಅಂತ ಬಹಳ ಜನ ಕೇಳುತ್ತಾರೆ. ವಾರವೆಲ್ಲ ಟಾರು ರಸ್ತೆ, ತಿಂಗಳಿಗೊಮ್ಮೆ ಕಚ್ಚಾದಾರಿ ಅನ್ನುವವರಿಗೆ ಟಾರು, ಮಣ್ಣು ಎರಡಕ್ಕೂ ಆಗುವ ಆಲ್ ಟೆರೇನ್ ಟೈರು ಸಾಕು. ದೊಡ್ಡ ಹಲ್ಲಿನ ಮಡ್ ಟೈರು ಕೆಸರಿನಲ್ಲಿ ಚೆನ್ನ, ಆದರೆ ಮಳೆಯಲ್ಲಿ ಟಾರಿನ ಮೇಲೆ ಬ್ರೇಕ್ ಹಿಡಿದಾಗ ಗಾಡಿ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಟೈರಿನ ವಯಸ್ಸನ್ನೂ ನೋಡಿ. ಪಕ್ಕದಲ್ಲಿ ಒಂದು ಉದ್ದ ಸಂಕೇತದ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ನೇ ಇಸವಿಯ 23ನೇ ವಾರ ಮಾಡಿದ್ದು. ಹಲ್ಲು ಪೂರ್ತಿ ಇದ್ದರೂ ರಬ್ಬರು ಹಳತಾಗಿ ಬಿರುಕು ಬಿಟ್ಟಿರಬಹುದು. ಸ್ಟೆಪ್ನಿಯ ಮೇಲೂ ಇದನ್ನು ಓದಿ. ಸ್ಟೆಪ್ನಿ ಉಳಿದ ನಾಲ್ಕರ ಅಳತೆಯದ್ದೇ ಆಗಿರಬೇಕು. ಕಚ್ಚಾದಾರಿಯಲ್ಲಿ ತೆಳು ಸ್ಟೆಪ್ನಿ ಇದ್ದೂ ಇಲ್ಲದ ಹಾಗೆ, ಅಳತೆ ಬೇರೆ ಇದ್ದರೆ ನಾಲ್ಕೂ ಚಕ್ರಕ್ಕೆ ಬಲ ಹೋಗುವಾಗ ಗೇರುಗಳಿಗೂ ಏಟು.

ತೂಕದ ಬಗ್ಗೆ ಯಾರೂ ಮಾತಾಡುವುದಿಲ್ಲ. ಒಂದು ಲೆಕ್ಕ ಹಾಕೋಣ. ನಿಮ್ಮ ಗಾಡಿಯ ಖಾಲಿ ತೂಕ 2,200 ಕೆ.ಜಿ., ಕಂಪನಿ ಹೇಳಿದ ಒಟ್ಟು ಮಿತಿ 2,800 ಅಂತಿಟ್ಟುಕೊಳ್ಳಿ. ಉಳಿದದ್ದು 600. ನಾಲ್ಕು ಜನ ಕೂತರೆ 280. ಕಬ್ಬಿಣದ ಬಂಪರು, ವಿಂಚ್ (ಹಗ್ಗ ಸುತ್ತಿಕೊಂಡು ಗಾಡಿ ಎಳೆಯುವ ಯಂತ್ರ) ಸೇರಿ 90. ಟಾಪಿನ ಮೇಲೆ ಕ್ಯಾರಿಯರ್ ಮತ್ತು ಟೆಂಟು 100. ನೀರಿನ ಎರಡು 20 ಲೀಟರ್ ಕ್ಯಾನು 44. ಎರಡನೇ ಬ್ಯಾಟರಿ 25. ಉಪಕರಣ, ಜಾಕು, ಪಟ್ಟಿ 40. ಬಟ್ಟೆಬರೆ, ಹಾಸಿಗೆ, ಅಡುಗೆ ಸಾಮಾನು 60. ಕೂಡಿದರೆ 639. ಮಿತಿ ಆಗಲೇ ದಾಟಿತು, ಯಾರೂ ಅತಿ ಮಾಡಿದ ಹಾಗೂ ಕಾಣುವುದಿಲ್ಲ. ಮಿತಿ ದಾಟಿದ ಗಾಡಿಯ ಬ್ರೇಕು ನಿಧಾನ, ಸ್ಪ್ರಿಂಗು ಕುಗ್ಗುತ್ತದೆ, ಚಾಸಿ ಬಿರುಕು ಬಿಡಬಹುದು.

ಅದಕ್ಕಿಂತ ಕೆಟ್ಟದ್ದು ಟಾಪಿನ ಮೇಲಿನ ಭಾರ. ಟಾಪು ಎಷ್ಟು ಹೊರಬಹುದು ಅಂತ ಗಾಡಿಯ ಕೈಪಿಡಿಯಲ್ಲಿ ಬರೆದಿರುತ್ತದೆ, ಕ್ಯಾರಿಯರಿನ ತೂಕವೂ ಅದರೊಳಗೇ ಸೇರುತ್ತದೆ. ಎಷ್ಟೋ ಗಾಡಿಗಳಿಗೆ ಕಚ್ಚಾದಾರಿಯಲ್ಲಿ ಈ ಮಿತಿ ಇನ್ನೂ ಕಡಿಮೆ. ಪಕ್ಕಕ್ಕೆ ವಾಲಿದ ನೆಲದಲ್ಲಿ ಹೋಗುವಾಗ ಟಾಪಿನ ಮೇಲಿನ ಕ್ಯಾನು ಗಾಡಿಯನ್ನು ಇಳಿಜಾರಿನ ಕಡೆಗೇ ಜಗ್ಗುತ್ತಿರುತ್ತದೆ. ಭಾರದ ಸಾಮಾನು ಕೆಳಗೆ, ಎರಡು ಆಕ್ಸಲ್‌ಗಳ ನಡುವೆ, ಸೀಟಿನ ಬೆನ್ನಿಗೆ ಒತ್ತಿ, ಪಟ್ಟಿ ಹಾಕಿ ಬಿಗಿದಿರಬೇಕು. ಬಿಗಿಯದ ಜಾಕು ಗಾಡಿ ಉರುಳಿದಾಗ ಒಳಗಿರುವವರ ತಲೆಗೆ ಬರುತ್ತದೆ. ಎರಡನೇ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪು ನೋಡಿ, 1941ರಲ್ಲಿ ತಯಾರಾಗಲು ಶುರುವಾದದ್ದು. 60 ಅಶ್ವಶಕ್ತಿಯ ಎಂಜಿನ್, ಸಪೂರ ಟೈರು. ಆದರೂ ಅದು ಹೋಗದ ಜಾಗ ಇಲ್ಲ ಅನ್ನಿಸಿಕೊಂಡದ್ದು ಸುಮಾರು 1,100 ಕೆ.ಜಿ. ತೂಕದ ಹಗುರ ಗಾಡಿ ಆಗಿದ್ದರಿಂದ. ನಾನು ನನ್ನ ಗಾಡಿಯಿಂದ ಟಾಪಿನ ಕ್ಯಾರಿಯರ್ ಬಿಚ್ಚಿಸಿದ ದಿನ ಅದರ ನಡಿಗೆಯೇ ಬದಲಾಯಿತು.

ಗಾಡಿ ಎತ್ತರಿಸುವವರಿಗೆ ಎರಡು ಮಾತು. ಸ್ಪ್ರಿಂಗು ಬದಲಿಸಿ ಎರಡು ಇಂಚು ಎತ್ತಿದರೆ ಬಾಡಿ ಮೇಲೇರುತ್ತದೆ, ಮೂತಿ ಕಲ್ಲಿಗೆ ತಾಗುವುದು ಕಡಿಮೆಯಾಗುತ್ತದೆ, ನಿಜ. ಆದರೆ ಎಡಬಲದ ಚಕ್ರಗಳಿಗೆ ಒಂದೇ ಇಡೀ ಆಕ್ಸಲ್ ಇರುವ ಗಾಡಿಯಲ್ಲಿ ಡಿಫರೆನ್ಷಿಯಲ್ಲಿನ (ಆ ಎರಡು ಚಕ್ರಕ್ಕೆ ಬಲ ಹಂಚುವ ಗೇರುಗಳ ಪೆಟ್ಟಿಗೆ) ಗುಂಡು ಇದ್ದಲ್ಲೇ ಇರುತ್ತದೆ. ಅದನ್ನು ಮೇಲೆತ್ತುವುದು ದೊಡ್ಡ ಟೈರು ಮಾತ್ರ, ಅದೂ ಟೈರಿನ ಎತ್ತರ ಎಷ್ಟು ಹೆಚ್ಚಿತೋ ಅದರ ಅರ್ಧದಷ್ಟು. ಬಾಡಿ ಎತ್ತರವಾದಷ್ಟೂ ಉರುಳುವ ಭಯ ಹೆಚ್ಚು. ಬ್ರೇಕ್ ಪೈಪು ಸಾಲದೆ ಬಿಗಿಯಬಹುದು. ದೊಡ್ಡ ಟೈರು ಹಾಕಿದರೆ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ, ಬ್ರೇಕಿಗೂ ಕೆಲಸ ಜಾಸ್ತಿ. ಕಾನೂನಿನ ಒಪ್ಪಿಗೆ, ವಿಮೆ ಎರಡನ್ನೂ ಮೊದಲೇ ವಿಚಾರಿಸಿ. ನನ್ನ ಕೇಳಿದರೆ ಮೊದಲ ಒಂದು ವರ್ಷ ಎತ್ತರ ಮುಟ್ಟಬೇಡಿ, ಆ ದುಡ್ಡಿನಲ್ಲಿ ಎಂಜಿನ್ನಿನ ಎಣ್ಣೆ ತೊಟ್ಟಿ ಮತ್ತು ಮುಂದಿನ ಹಿಂದಿನ ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನ ಕೆಳಗೆ ಗಟ್ಟಿ ತಗಡು ಹಾಕಿಸಿ.

ನಾಲ್ಕು ಚಕ್ರಕ್ಕೆ ಬಲ ಕೊಡುವ ಆ ಗೇರು ಇದೆಯಲ್ಲ, ಅದನ್ನು ತಿಂಗಳುಗಟ್ಟಲೆ ಮುಟ್ಟದೆ, ಕೆಸರಿಗೆ ಇಳಿದ ಮೇಲೆ ಹಾಕಲು ಹೋಗಿ ಕಚ್ಚಿಕೊಂಡದ್ದನ್ನು ಎಷ್ಟೋ ಸಲ ನೋಡಿದ್ದೇನೆ. ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಕೆಲವು ಕಿ.ಮೀ. ಹಾಕಿ ಓಡಿಸಿ, ಎಣ್ಣೆ ಎಲ್ಲ ಕಡೆ ಹರಡಲಿ. ಆದರೆ ಮುಂದಿನ ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲದ ಗಾಡಿಗಳಲ್ಲಿ ಒಣ ಟಾರಿನ ಮೇಲೆ ಹಾಕಬೇಡಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡುತ್ತವೆ. ಮಣ್ಣಿನಲ್ಲಿ ಚಕ್ರ ಸ್ವಲ್ಪ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಟಾರಿನಲ್ಲಿ ಜಾರುವುದಿಲ್ಲ, ಹಾಗಾಗಿ ಬಿಗಿತವೆಲ್ಲ ಗೇರುಗಳೊಳಗೆ ಸೇರುತ್ತದೆ. ಎರಡು ಚಕ್ರ ಒಂದೇ ವೇಗದಲ್ಲಿ ತಿರುಗುವ ಹಾಗೆ ಕಟ್ಟುವ ಡಿಫ್ ಲಾಕ್ ಇದ್ದರೆ ನೇರ ಹೋಗುವಾಗ ಮಾತ್ರ, ಕಷ್ಟದ ಜಾಗಕ್ಕೆ ಮುಂಚೆಯೇ ಹಾಕಿ, ದಾಟಿದ ಮೇಲೆ ತೆಗೆಯಿರಿ. ಲಾಕ್ ಹಾಕಿದ ಗಾಡಿ ತಿರುಗಲು ಒಪ್ಪುವುದಿಲ್ಲ.

ವೇಗ ಕಡಿಮೆ ಮಾಡಿ ಬಲ ಹೆಚ್ಚಿಸುವ ಲೋ ರೇಂಜ್ ಗೇರಿನ ನಿಜವಾದ ಬೆಲೆ ಗೊತ್ತಾಗುವುದು ಇಳಿಯುವಾಗ. ಲೋ ಒಂದನೇ ಗೇರಿನಲ್ಲಿ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ, ಕ್ಲಚ್ಚು ಮಾತ್ರ ಒತ್ತಬಾರದು. ಏರಿನ ನಡುವೆ ಎಂಜಿನ್ ನಿಂತುಹೋದರೆ ಗಾಡಿಯನ್ನು ಅಡ್ಡ ತಿರುಗಿಸಲು ಹೋಗಲೇಬೇಡಿ, ಉರುಳುವುದು ಹಾಗೆಯೇ. ಬ್ರೇಕ್ ಹಿಡಿದು, ಲೋ ರಿವರ್ಸ್ ಹಾಕಿ, ಬಂದ ದಾರಿಯಲ್ಲೇ ನೇರ ಹಿಂದಕ್ಕೆ ಇಳಿಸಿ. ಇದನ್ನು ಸಣ್ಣ ದಿಬ್ಬದ ಮೇಲೆ, ಪಕ್ಕದಲ್ಲಿ ಬಲ್ಲವರನ್ನು ಕೂರಿಸಿಕೊಂಡು, ಹತ್ತು ಸಲ ಮಾಡಿ. ಚಾಲಕನೂ ತಯಾರಾಗಬೇಕಲ್ಲ. ಇನ್ನೊಂದು ಸಣ್ಣ ಅಭ್ಯಾಸ: ಕಲ್ಲಿನ ದಾರಿಯಲ್ಲಿ ಹೆಬ್ಬೆರಳು ಸ್ಟೇರಿಂಗಿನ ಒಳಗೆ ಸುತ್ತಿಕೊಳ್ಳದಿರಲಿ. ಚಕ್ರ ಕಲ್ಲಿಗೆ ಹೊಡೆದು ಸ್ಟೇರಿಂಗ್ ತಿರುಗಿದರೆ ಬೆರಳು ಮುರಿಯುತ್ತದೆ.

ನೀರು ದಾಟುವ ಚಿತ್ರಗಳು ಎಲ್ಲರಿಗೂ ಇಷ್ಟ. ಸ್ನಾರ್ಕೆಲ್ ಹಾಕಿಸಿದ ಮೇಲೆ ಗಾಡಿ ದೋಣಿಯಾಯಿತು ಅಂದುಕೊಳ್ಳುತ್ತಾರೆ. ಸ್ನಾರ್ಕೆಲ್ ಮಾಡುವುದು ಒಂದೇ ಕೆಲಸ, ಎಂಜಿನ್ ಉಸಿರಾಡುವ ಮೂಗನ್ನು ಮೇಲಕ್ಕೆ ತರುವುದು. ವಯರಿಂಗು, ಕಂಪ್ಯೂಟರ್ ಪೆಟ್ಟಿಗೆ, ಗೇರ್‌ಬಾಕ್ಸು ಎಲ್ಲ ಇದ್ದಲ್ಲೇ ಇವೆ. ಡಿಫರೆನ್ಷಿಯಲ್ಲಿಗೂ ಉಸಿರಾಡುವ ಸಣ್ಣ ಕೊಳವೆ ಇರುತ್ತದೆ, ಇದು ಬಹಳ ಜನ ನೋಡಿಯೇ ಇರುವುದಿಲ್ಲ. ಓಡಿ ಬಿಸಿಯಾದ ಡಿಫರೆನ್ಷಿಯಲ್ ತಣ್ಣನೆ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಆ ಕೊಳವೆಯಿಂದಲೋ ಸೀಲಿನಿಂದಲೋ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ನೀರು ಬೆರೆತ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿ ಬೇರಿಂಗುಗಳನ್ನು ತಿನ್ನುತ್ತದೆ. ಪರಿಹಾರ ಸುಲಭ. ರಬ್ಬರು ಪೈಪು ಸೇರಿಸಿ ಆ ಕೊಳವೆಗಳನ್ನು ಎಂಜಿನ್ ಗೂಡಿನ ಮೇಲ್ಭಾಗದವರೆಗೆ ತಂದು ಕಟ್ಟಿದರೆ ಮುಗಿಯಿತು. ಸ್ನಾರ್ಕೆಲ್ಲಿಗಿಂತ ಮೊದಲು ಮಾಡಿಸಬೇಕಾದ ಕೆಲಸ ಇದು.

ನೀರಿನ ನಡುವೆ ಎಂಜಿನ್ ನಿಂತರೆ ಕೀ ತಿರುಗಿಸಬೇಡಿ. ಸಿಲಿಂಡರಿನೊಳಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹರಿಯುವ ನೀರಾದರೆ ಗಾಡಿ ಯಾವುದೇ ಇರಲಿ, ನಡೆದು ದಾಟಲು ಭಯವಾಗುವ ಕಡೆ ಇಳಿಸಬಾರದು. ಜೋರಾಗಿ ಹರಿಯುವ 30 ಸೆಂ.ಮೀ. ನೀರು ಸಣ್ಣ ಕಾರನ್ನು ಕೊಚ್ಚಿಕೊಂಡು ಹೋಗಬಲ್ಲದು. 60 ಸೆಂ.ಮೀ. ಇದ್ದರೆ ನಮ್ಮ ದೊಡ್ಡ ಗಾಡಿಗಳನ್ನೂ ಬಿಡುವುದಿಲ್ಲ. ನಾನು ಎರಡು ಸಲ ದಡದಿಂದಲೇ ವಾಪಸ್ ಬಂದಿದ್ದೇನೆ. ಜೊತೆಗಿದ್ದವರಿಗೆ ಬೇಜಾರಾಯಿತು, ಆಗಲಿ.

ವಿಂಚ್ ಬಗ್ಗೆ ಬರೆದರೆ ಇನ್ನೊಂದು ಪತ್ರವೇ ಆಗುತ್ತದೆ. ಚಿಕ್ಕದಾಗಿ ಹೇಳುತ್ತೇನೆ. ಅದರ ಬಲ ಗಾಡಿಯ ಪೂರ್ತಿ ತುಂಬಿದ ತೂಕದ ಒಂದೂವರೆ ಪಟ್ಟು ಇರಲಿ. ಪೆಟ್ಟಿಗೆಯ ಮೇಲೆ ಬರೆದ ಅಂಕಿ ಡ್ರಮ್ಮಿನ ಮೊದಲ ಸುತ್ತಿನ ಪದರಕ್ಕೆ ಮಾತ್ರ, ಹಗ್ಗ ಪದರ ಪದರವಾಗಿ ಸುತ್ತಿಕೊಂಡಿದ್ದಷ್ಟೂ ಬಲ ಕಡಿಮೆ. ಒಂದು ರಾಟೆ ಇಟ್ಟುಕೊಂಡರೆ ಬಲ ಹೆಚ್ಚೂಕಡಿಮೆ ಎರಡು ಪಟ್ಟಾಗುತ್ತದೆ, ವೇಗ ಅರ್ಧವಾಗುತ್ತದೆ. ಹಿಗ್ಗುವ ಪಟ್ಟಿಯನ್ನು ವಿಂಚಿಗೆ ಎಂದೂ ಸೇರಿಸಬಾರದು. ಮರಕ್ಕೆ ಬರಿ ಹಗ್ಗ ಸುತ್ತಬಾರದು, ತೊಗಟೆ ಸುಲಿದು ಮರ ಸಾಯುತ್ತದೆ, ಅಗಲ ಪಟ್ಟಿ ಹಾಕಿ. ಕೈಗೆ ಗ್ಲೌಸು ಬೇಕು.

ಬೆಂಕಿಯ ಕಡೆಗೂ ಗಮನ ಇರಲಿ. ಒಣ ಹುಲ್ಲಿನ ಮೇಲೆ ಓಡಿಸಿದರೆ ಸೈಲೆನ್ಸರ್ ಸುತ್ತ ಹುಲ್ಲು ಸಿಕ್ಕಿಕೊಂಡು ಹತ್ತಿಕೊಳ್ಳುತ್ತದೆ. ಆಗಾಗ ನಿಲ್ಲಿಸಿ ಬಗ್ಗಿ ನೋಡಿ, ಕೈಗೆ ಸಿಕ್ಕುವುದನ್ನು ಕಿತ್ತುಹಾಕಿ. ಆ ದೀಪದ ಸಾಲಿಗೆ ಎಳೆದ ವಯರಿಗೆ ಬ್ಯಾಟರಿಯ ಹತ್ತಿರವೇ ಫ್ಯೂಸು ಇದೆಯಾ ನೋಡಿ. ಇಲ್ಲದಿದ್ದರೆ ಕುಲುಕಾಟಕ್ಕೆ ವಯರು ಸವೆದು ಚಾಸಿಗೆ ತಾಗಿದ ದಿನ ಗಾಡಿ ಉರಿಯುತ್ತದೆ. ಬೆಂಕಿ ನಂದಿಸುವ ಸಿಲಿಂಡರ್ ಚಾಲಕನ ಕೈಗೆ ಸಿಗುವ ಕಡೆ, ಬಿಗಿಯಾಗಿ ಕೂತಿರಲಿ, ಸಾಮಾನಿನ ಅಡಿಯಲ್ಲಿ ಬೇಡ.

ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಒಬ್ಬರಿಗೆ ದಿನಕ್ಕೆ 5 ಲೀಟರ್ ಲೆಕ್ಕದಲ್ಲಿ ನೀರು, ಕಾಗದದ ನಕ್ಷೆ. ಒಂಟಿ ಗಾಡಿಯಲ್ಲಿ ಹೋಗಬೇಡಿ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯಲ್ಲಿ ಬರೆದಿಟ್ಟು ಹೋಗಿ. ಇಷ್ಟು ಹೊತ್ತಿಗೆ ಫೋನ್ ಬರದಿದ್ದರೆ ಯಾರಿಗೆ ತಿಳಿಸಬೇಕು ಅನ್ನುವುದನ್ನೂ ಬರೆಯಿರಿ, ಯಾಕೆಂದರೆ ಇಂಥ ಜಾಗಗಳಲ್ಲಿ ನೆಟ್‌ವರ್ಕ್ ಇರುವುದಿಲ್ಲ.

ವಾಪಸ್ ಬಂದ ಮೇಲೆ ಗಾಡಿ ತೊಳೆದು ನಿಲ್ಲಿಸಿದರೆ ಕೆಲಸ ಮುಗಿಯುವುದಿಲ್ಲ. ರೇಡಿಯೇಟರಿನ ಸಂದಿಯ ಕೆಸರು, ಬ್ರೇಕಿನೊಳಗಿನ ಮರಳು ತೆಗೆಯಿರಿ. ವೀಲ್ ನಟ್ಟುಗಳನ್ನು ಮತ್ತೆ ಬಿಗಿಯಿರಿ. ನೀರು ದಾಟಿದ್ದರೆ ಡಿಫರೆನ್ಷಿಯಲ್ ಎಣ್ಣೆ ಸ್ವಲ್ಪ ತೆಗೆದು ಬಣ್ಣ ನೋಡಿ. ಎಳೆದ ಪಟ್ಟಿಯನ್ನು ತೊಳೆದು, ನೆರಳಿನಲ್ಲಿ ಒಣಗಿಸಿ, ಇಂಚಿಂಚೂ ಕೈಯಾಡಿಸಿ ನೋಡಿ. ಒಂದು ಕಡೆ ಕತ್ತರಿಸಿದ್ದು ಕಂಡರೂ ಅದನ್ನು ಎಸೆಯಿರಿ, ಇನ್ನೊಬ್ಬರಿಗೆ ಕೊಡಬೇಡಿ.

ಸಂಪಾದಕರೆ, ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ಸಲ ಫೋರ್ ಬೈ ಫೋರ್ ಗಾಡಿಯ ಬಗ್ಗೆ ಬರೆಸುವಾಗ ಕೆಸರು ಎರಚುವ ಚಿತ್ರ ಇರಲಿ, ನನಗೂ ಅದು ಇಷ್ಟವೇ. ಅದರ ಪಕ್ಕದಲ್ಲಿ ಒಂದು ಸಣ್ಣ ಚಿತ್ರಕ್ಕೆ ಜಾಗ ಕೊಡಿ. ಛಾಯಾಗ್ರಾಹಕರಿಗೆ ನೆಲದ ಮೇಲೆ ಮಲಗಿ ಬಂಪರಿನ ಕೆಳಗೆ ತೆಗೆಯಲು ಹೇಳಿ. ಇದು ಎಳೆಯುವ ಕೊಕ್ಕೆ, ಇದು ಬರೀ ಕಟ್ಟಿಹಾಕುವ ಬಳೆ ಅಂತ ಬಾಣದ ಗುರುತು ಹಾಕಿ. ಜೊತೆಗೆ ಮೂರು ಅಂಕಿ ಅಚ್ಚು ಹಾಕಿ: ಗಾಡಿ ಎಷ್ಟು ಭಾರ ಹೊರಬಹುದು, ಟಾಪು ಎಷ್ಟು ಹೊರಬಹುದು, ಎಷ್ಟು ಆಳದ ನೀರಿಗೆ ಇಳಿಯಬಹುದು. ಸ್ಟೆಪ್ನಿ ಪೂರ್ತಿ ಅಳತೆಯದ್ದೋ ಅಲ್ಲವೋ ಅಂತಲೂ ಒಂದು ಸಾಲು ಬರೆಸಿ. ಅವತ್ತು ಗೆಳೆಯನ ಸೀಟಿಗೆ ಹೊಡೆದ ಆ ಕಬ್ಬಿಣದ ಬಳೆ ಇನ್ನೂ ನನ್ನ ಹತ್ತಿರ ಇದೆ. ಪತ್ರಿಕೆಯಲ್ಲಿ ಹಾಕುವುದಾದರೆ ಅದರ ಫೋಟೋ ಕಳಿಸುತ್ತೇನೆ.

ಇತಿ,
ನಿಮ್ಮ ಓದುಗ